ಎಲೆಬಳ್ಳಿ ಮುಟ್ಟಿದ ಕೈ

ಕೆಳಗಿನಕೇರಿ, ಯಲ್ಲಾಪುರ ತಾಲೂಕು
12-9-1997

ಅಕ್ಕಾ,

ನಮಸ್ಕಾರ. ಇಲ್ಲಿ ಎಲ್ಲ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ಇಲ್ಲ ಎಂದು ಬರೆದರೆ ನೀನು ಹೆದರಿ ಹೇರೂರಿನಿಂದ ಓಡಿ ಬರುತ್ತೀಯ. ಮನುಷ್ಯರೆಲ್ಲ ಕ್ಷೇಮ. ಅತ್ತೆಯ ಎಲೆಬಳ್ಳಿ ಸಾಯುತ್ತಿದೆ. ಸಾಯಿಸಿದವಳು ನಾನು ಎಂದು ನನಗೆ ಹೆದರಿಕೆ.

ಓದಿದ ಮೇಲೆ ಇದನ್ನು ಒಲೆಗೆ ಹಾಕು. ದಾರಿಯಲ್ಲಿ ಯಾರೂ ಬಿಚ್ಚದ ಹಾಗೆ ಅಂಚಿಗೆಲ್ಲ ಅನ್ನದ ಅಗುಳು ಹಚ್ಚಿ ಒತ್ತಿದ್ದೇನೆ.

ಮದುವೆಗೆ ಬಂದಾಗ ನಮ್ಮ ಹಿತ್ತಲು ನೋಡಿದ್ದೀಯಲ್ಲ, ಹಾಲವಾಣ ಮರದ ಹದಿನೆಂಟು ಕಂಬ, ಒಂದೊಂದಕ್ಕೂ ಎರಡಾಳೆತ್ತರ ಬಳ್ಳಿ. ಇವರು ನಾಲ್ಕು ವರ್ಷದವರಿದ್ದಾಗ ಮಾವ ತೀರಿಕೊಂಡರಂತೆ. ಆಮೇಲೆ ಅತ್ತೆ ಒಬ್ಬರೇ ವೀಳ್ಯದೆಲೆ ಕೊಯ್ದು, ಕಟ್ಟು ಕಟ್ಟಿ, ಪೇಟೆಗೆ ಹೊತ್ತು ಮಗನನ್ನು ಸಾಕಿದ್ದು. ಯಲ್ಲಾಪುರದಲ್ಲಿ ಇಂದಿಗೂ ಸೀತಮ್ಮನ ಎಲೆ ಎಂದೇ ಕೇಳಿ ಕೊಳ್ಳುತ್ತಾರೆ. ನನ್ನನ್ನು ಒಪ್ಪಿದ್ದೂ ಎಲೆ ನೋಡಿಯೇ. ಹುಲಗೋಳದ ತವರಿನಲ್ಲಿ ನಮ್ಮ ಬಾವಿಕಟ್ಟೆಯ ಬಳ್ಳಿ ಕಂಡು, "ಕೂಸಿನ ಕೈಗುಣ ಚೊಲೋ ಇದ್ದು" ಎಂದರು. ಅದು ನೀನು ನೆಟ್ಟ ಬಳ್ಳಿ. ಆಯಿ ಮಗಳ ಗುಟ್ಟು ಬಿಟ್ಟುಕೊಡಲಿಲ್ಲ, ಜಾಣೆ ನಾನೂ ಬಾಯಿ ಬಿಡಲಿಲ್ಲ.

ತವರಿನಲ್ಲಿ ಆಷಾಢ ಮುಗಿಸಿ, ಹೇರೂರಿಗೂ ಬಂದು ಮರಳುವಾಗ ನೀನು ನಿನ್ನ ಹಿತ್ತಲಿನಿಂದ ಬಾಳೆಪಟ್ಟೆಯಲ್ಲಿ ಮಣ್ಣು ಸಮೇತ ಸುತ್ತಿ ಕೊಟ್ಟ ಆರು ಬಳ್ಳಿಗಳನ್ನು ಅತ್ತೆ ನನ್ನ ಕೈಯಿಂದಲೇ ನೆಡಿಸಿದರು. ಹೊಸ ಸಾಲು. ಚಿಗುರಿದ ದಿನ ಊರಿಗೆಲ್ಲ ಹೇಳಿಕೊಂಡು ಬಂದರು.

ಈಗ ಕೇಳು. ಗೌರಿಹಬ್ಬದ ಬೆಳಿಗ್ಗೆ ನಾನು ಹೊರಗಾದೆ. ಮದುವೆಯಾದ ಮೇಲಿನ ಮೊದಲ ಚೌತಿ, ಮನೆಯಲ್ಲಿ ಹೆಣ್ಣು ಕೈ ಎಂದರೆ ಅತ್ತೆಯದು, ನನ್ನದು. ಪೇಟೆಗೆ ಹಬ್ಬದ ಎಲೆ ಹೋಗಬೇಕು, ಒಳಗೆ ಚಕ್ಕುಲಿ, ಪಂಚಕಜ್ಜಾಯ ಆಗಬೇಕು. ಹೇಳಲು ಬಾಯಿ ಬರಲಿಲ್ಲ. ದೇವರ ಅಡಿಗೆ ಮುಟ್ಟಿದರೆ ಮಹಾಪಾಪ ಎಂದು ಲೆಕ್ಕ ಹಾಕಿ, "ಅತ್ತೆ, ನೀವು ಒಳಗಿರಿ, ಎಲೆ ನಾನು ಕೊಯ್ತೇನೆ" ಎಂದೆ. ಎಷ್ಟು ಒಳ್ಳೆಯ ಸೊಸೆ ನೋಡು! ಇಡೀ ದಿನ ಹದಿನೆಂಟು ಕಂಬವನ್ನೂ ಮುಟ್ಟಿದೆ. ಮರುದಿನ ಬೆಳಿಗ್ಗೆ, ಆಗಷ್ಟೇ ಆದವಳಂತೆ ಹೊರಗೆ ಕುಳಿತೆ.

ನಾಲ್ಕನೆಯ ದಿನ ಮಿಂದು ಒಳಗೆ ಬರುವಷ್ಟರಲ್ಲಿ ಒಂದು ಬಳ್ಳಿ ಬಿಸಿನೀರು ಎರಚಿದ ಹಾಗೆ ಜೋತುಬಿದ್ದಿತ್ತು. ಈಗ ಐದು ಹೋಗಿವೆ. ಹಿಂದಿನ ಸಂಜೆ ಗಟ್ಟಿಯಾಗಿರುವ ಬಳ್ಳಿ ಬೆಳಗಾಗುವುದರೊಳಗೆ ಎಲೆ ಇಳಿಬಿಟ್ಟಿರುತ್ತದೆ. ಹೊರಗಾದವರು ಮುಟ್ಟಿದರೆ ಎಲೆಬಳ್ಳಿ ಉಳಿಯುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಾಗ ನಾವಿಬ್ಬರೂ ನಗುತ್ತಿದ್ದೆವು. ಪಿಯುಸಿ ಓದಿದವಳು ನಾನು. ಮನೆಯೊಳಗೆ ಕುಳಿತಾಗ ಅದನ್ನು ನಂಬುವುದಿಲ್ಲ, ಹಿತ್ತಲಿಗೆ ಹೋದರೆ ನಂಬುತ್ತೇನೆ.

ಬಳ್ಳಿ ಉಳಿಸುವುದು ಹೇಗೆ ಅಕ್ಕಾ? ನಿನಗೆ ಗೊತ್ತಿರುತ್ತದೆ. ಬೇಗ ಬರೆ.

ನಿನ್ನ ತಂಗಿ
ಪರಿಮಳಾ

* * *

ಹೇರೂರು
16-9-1997

ಪರಿ,

ನಿನ್ನ ಪತ್ರ ಒಲೆಗೆ ಹಾಕಿಯಾಯಿತು. ಮೊದಲು ಅಳು ನಿಲ್ಲಿಸು. ಅಳುತ್ತ ಕತ್ತಿ ಹಿಡಿದರೆ ಬೆರಳು ಹೋಗುತ್ತದೆ.

ಜೋತ ಬಳ್ಳಿಯ ಬುಡದ ಮಣ್ಣು ಮೆಲ್ಲಗೆ ಸರಿಸಿ ನೋಡು. ಕಾಂಡ ಕಪ್ಪಾಗಿ, ಹಿಚುಕಿದರೆ ಲೋಳೆಯಾಗಿ, ಕೊಳೆತ ನಾತ ಬರುತ್ತಿದ್ದರೆ ಅದು ಬುಡದ ಕೊಳೆ. ಒಳಗೆ ಬೆಳ್ಳಗೆ ಕಾಣುವವರೆಗೂ ಕತ್ತರಿಸುತ್ತ ಹೋಗು. ಕತ್ತರಿಸಿದ್ದನ್ನು ಗೊಬ್ಬರಗುಂಡಿಗೆ ಹಾಕಬೇಡ, ದೂರ ಒಯ್ದು ಸುಡು. ಒಂದು ಬಳ್ಳಿ ಮುಗಿಸಿ ಇನ್ನೊಂದಕ್ಕೆ ಹೋಗುವ ಮುಂಚೆ ಕತ್ತಿ, ಕೈ, ಕಾಲು ಎಲ್ಲ ತೊಳೆ. ಬುಡದ ಮಣ್ಣು ಒಂದು ಬುಟ್ಟಿಯಷ್ಟು ತೆಗೆದು ಹೊಸ ಮಣ್ಣು ಹಾಕಿ, ನೀರು ನಿಲ್ಲದ ಹಾಗೆ ಚರಂಡಿ ತೋಡು.

ಆಮೇಲೆ ಮೈಲುತುತ್ತ, ಸುಣ್ಣ ಬೇರೆಬೇರೆ ಕರಗಿಸಿ ಕೂಡಿಸಿ ಬುಡಕ್ಕೆ ಸುರಿ. ಕಬ್ಬಿಣದ ಕತ್ತಿ ಅದ್ದಿ ನೋಡು, ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಎಲೆಯ ಮೇಲೆ ಒಂದು ಹನಿಯೂ ಬೀಳಬಾರದು, ಜನ ತಿನ್ನುವಂಥದ್ದು. ಪಕ್ಕದ ಮನೆಯ ಬೀರ ತನ್ನ ಮೆಣಸಿನ ಬಳ್ಳಿಗಳನ್ನು ಹೀಗೇ ಉಳಿಸಿಕೊಂಡಿದ್ದಾನೆ. ಅವನನ್ನೇ ಕೇಳಿ ಬರೆಯುತ್ತಿದ್ದೇನೆ. ಮುಖ್ಯ ಮಾತೆಂದರೆ, ಮೇಲೆ ಸತ್ತಂತೆ ಕಂಡರೂ ಬೇರು ಕಿತ್ತು ಎಸೆಯಬೇಡ. ಮಣ್ಣಿನೊಳಗಿನ ಗಿಣ್ಣಿಗೆ ಜೀವವಿದ್ದರೆ ತಿಂಗಳೋ ಎರಡು ತಿಂಗಳೋ ಬಿಟ್ಟು ಚಿಗುರುತ್ತದೆ.

ಮೊದಲು ಜೋತದ್ದು ಯಾವುದು? ಹಳೆಯ ಸಾಲಿನದೋ, ಹೊಸ ಸಾಲಿನ ಹತ್ತಿರದ್ದೋ? ಬರೆ.

ಆ ದಿನದ ವಿಷಯ ಯಾರ ಹತ್ತಿರವೂ ಎತ್ತಬೇಡ. ಆದದ್ದು ಆಗಿಹೋಯಿತು, ಬಾಯಿ ಮುಚ್ಚಿಕೊಂಡಿರು. ಇಲ್ಲಿ ನಮ್ಮ ಬಳ್ಳಿಗಳು ಚೆನ್ನಾಗಿಯೇ ಇವೆ.

ವೇದಾ

* * *

ಕೆಳಗಿನಕೇರಿ
20-9-1997

ಅಕ್ಕಾ,

ನೀನು ಹೇಳಿದ ಹಾಗೇ ಬುಡ ಬಿಡಿಸಿದೆ. ಕಪ್ಪು. ಆ ನಾತ ಎರಡು ದಿನದಿಂದ ಮೂಗಿನಿಂದ ಹೋಗುತ್ತಿಲ್ಲ, ಊಟಕ್ಕೆ ಕುಳಿತರೆ ತುತ್ತಿನಲ್ಲೂ ಅದೇ. ಮೈಲುತುತ್ತ ಇವರೇ ತಂದುಕೊಟ್ಟರು. ಇವರಿಗೆ ಏನೂ ಗೊತ್ತಿಲ್ಲ. ಸೊಸೈಟಿ ಕೆಲಸಕ್ಕೆ ಹೊರಡುವಾಗ, ಬರುವ ವರ್ಷ ಬೇರೆ ನೆಟ್ಟರಾಯಿತು ಬಿಡು ಎಂದರು. ಗಂಡಸರಿಗೆ ಎಲ್ಲ ಸಲೀಸು.

ಒಂಬತ್ತು ಹೋದವು. ಮೊದಲು ಜೋತದ್ದು ಹೊಸ ಸಾಲಿಗೆ ತಾಗಿದ ಕಂಬದ್ದು. ಹೊಸ ಸಾಲಿನಲ್ಲೂ ಮೂರು ಹೋದವು. ಅದನ್ನೇಕೆ ಕೇಳಿದೆಯೋ ತಿಳಿಯಲಿಲ್ಲ. ಕೊಯ್ಯುವಾಗ ನಾನು ಶುರು ಮಾಡಿದ್ದು ಆ ಕಂಬದಿಂದಲೇ, ನೀನು ಅದಕ್ಕೇ ಕೇಳಿದೆಯೇನೋ. ಅದನ್ನು ಓದಿದಾಗಿನಿಂದ ಇನ್ನೂ ಹೆದರಿದ್ದೇನೆ.

ಎಲೆ ಕಟ್ಟಲು ಬರುವ ಗಂಗೆ ಮೊನ್ನೆ ಬುಡ ನೋಡಿ ತಲೆ ಆಡಿಸಿದಳು. "ಇದು ರೋಗ ಅಲ್ರ ಅಮ್ಮ, ಯಾರೋ ಮುಟ್ಟಾದವ್ರು ಮುಟ್ಟಾರೆ" ಎಂದು ಅತ್ತೆಗೆ ನನ್ನ ಎದುರಿಗೇ ಹೇಳಿದಳು. ನಾನು ತೊಳೆಯುತ್ತಿದ್ದ ಕೊಡ ಕೈಯಿಂದ ಜಾರಿತು. ಅತ್ತೆ ನನ್ನ ಕಡೆಗೆ ನೋಡಿದರು, ಮತ್ತೆ ತಮ್ಮ ಎರಡೂ ಕೈ ನೋಡಿಕೊಂಡರು, ಒಳಗೆ ಹೋದರು. ಅಂದಿನಿಂದ ಅವರು ಎಲೆ ಅಡಿಕೆಯ ಕವಳ ಹಾಕುತ್ತಿಲ್ಲ. ಊಟ ಬೇಕಾದರೆ ಬಿಟ್ಟಾರು, ಕವಳ ಬಿಟ್ಟವರಲ್ಲ. ನನ್ನ ಕೈಯಿಂದ ಎಲೆ ತೆಗೆದುಕೊಳ್ಳಲು ಮನಸ್ಸಿಲ್ಲ ಎಂದಲ್ಲದೆ ಬೇರೆ ಏನು ಅರ್ಥ?

ಬೈದರೆ ಒಳ್ಳೆಯದಿತ್ತು. ಬೈಯುವುದಿಲ್ಲ. ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಹಿತ್ತಲಲ್ಲಿ ನಿಂತಿರುತ್ತಾರೆ. ನಾನು ಹೋದರೆ ಸರಿದು ಬರುತ್ತಾರೆ.

ಇನ್ನೂ ಒಂದಿದೆ. ಆ ಎಲೆ ಪೇಟೆಯಲ್ಲಿ ಎಷ್ಟು ಗಣಪತಿಗಳ ಮುಂದೆ ಹೋಯಿತೋ!

ನವರಾತ್ರಿಯ ಶುಕ್ರವಾರ, ಮೂರನೇ ತಾರೀಕು, ಅಮ್ಮನವರ ಗುಡಿಯಲ್ಲಿ ಪ್ರಸಾದ ಕೇಳಿಸುತ್ತಾರಂತೆ. ದೇವಿಗೆ ಅಂಟಿಸಿದ ಒದ್ದೆ ಹೂ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಮನೆಯಲ್ಲಿ ಮೈಲಿಗೆ ನಡೆದಿದೆಯೋ ಎಂದು ಕೇಳುವುದಂತೆ. ಊರವರೆಲ್ಲ ಇರುತ್ತಾರೆ, ನಾನು ಅತ್ತೆಯ ಪಕ್ಕದಲ್ಲಿ ನಿಂತಿರಬೇಕು. ಕೈಗುಣಕ್ಕೆಂದು ತಂದ ಸೊಸೆಯ ಕೈಯಿಂದಲೇ ಮನೆಯ ಅನ್ನ ಹೋಯಿತು ಎಂದು ಆದರೆ ನನ್ನನ್ನು ಇಟ್ಟುಕೊಳ್ಳುತ್ತಾರೆಯೇ? ಇಟ್ಟುಕೊಂಡರೂ ನಾನು ಹೇಗಿರಲಿ?

ಪರಿಮಳಾ

* * *

ಹೇರೂರು
24-9-1997

ಪರಿ,

ಗುಡಿಗೆ ಹೋಗಬೇಡ. ಆ ದಿನ ಹೊರಗಾಗಿದ್ದೇನೆ ಎಂದುಬಿಡು. ಒಮ್ಮೆ ಅಡಗಿಸಿದವಳಿಗೆ ಒಮ್ಮೆ ಸುಳ್ಳು ಹೇಳುವುದು ಕಷ್ಟವಲ್ಲ.

ಬೀರ ಇನ್ನೊಂದು ಹೇಳಿದ. ಬುಡ ಕೊಳೆತರೂ ಮೇಲಿನ ಬಳ್ಳಿ ಹಸಿರಿದ್ದರೆ ಕಂಬದಿಂದ ಬಿಡಿಸಿ ಕೆಳಗಿಳಿಸು. ಬೇರೆ ಕಡೆಯ ಮಣ್ಣು ತಂದು ಒಂದು ಮೊಳ ಬಳ್ಳಿ ಅದರಲ್ಲಿ ಸುರುಳಿ ಮಾಡಿ ಹೂತು, ತುದಿ ಮಾತ್ರ ಮೇಲೆ ಬಿಡು. ಗಿಣ್ಣಿನಲ್ಲಿ ಬೇರು ಬರುತ್ತದೆ. ಹೊಸ ಸಾಲಿನಲ್ಲಿ ಉಳಿದ ಮೂರನ್ನು ಕಿತ್ತು ಸುಟ್ಟುಬಿಡು. ಯಾಕೆ ಎಂದು ಕೇಳಬೇಡ, ಸುಡು.

ಆಯಿಗೆ ಏನೂ ಬರೆಯಬೇಡ. ನನಗೆ ಇಲ್ಲಿ ಕೆಲಸ ಬಹಳ, ಉದ್ದ ಬರೆಯಲು ಪುರಸೊತ್ತಿಲ್ಲ.

ವೇದಾ

* * *

ಕೆಳಗಿನಕೇರಿ
28-9-1997

ಅಕ್ಕಾ,

ಪುರಸೊತ್ತಿಲ್ಲದವಳಿಗೆ ತೊಂದರೆ ಕೊಡುತ್ತಿದ್ದೇನೆ, ಕೊನೆಯ ಸಲ.

ಹಸಿರಿದ್ದ ಐದು ಬಳ್ಳಿ ಇಳಿಸಿ ಹೂತಿದ್ದೇನೆ. ಹೊಸ ಸಾಲಿನದನ್ನು ಸುಡಲಿಲ್ಲ. ತವರಿನ ಕಡೆಯಿಂದ ಬಂದದ್ದು, ಅದೊಂದಾದರೂ ಉಳಿಯಲಿ ಎಂದು ಬಿಟ್ಟೆ. ಇವತ್ತು ಅದರ ಪಕ್ಕದ್ದೂ ಜೋತಿದೆ. ಒಟ್ಟು ಹನ್ನೆರಡು.

ಹೊರಗಾಗಿದ್ದೇನೆ ಎಂದು ಸುಳ್ಳು ಹೇಳಲಾರೆ. ಆ ಒಂದು ಮಾತಿನಲ್ಲಿ ಸುಳ್ಳಾಡಿಯೇ ಇಷ್ಟೆಲ್ಲ ಆಗಿದೆ. ಶುಕ್ರವಾರ ಗುಡಿಗೆ ಹೊರಡುವ ಮೊದಲು ಎಂಟೂವರೆಯ ಬಸ್ಸಿಗೆ ಶಿರಸಿಗೆ ಬಂದುಬಿಡುತ್ತೇನೆ. ಒಂದು ಚೀಲದಲ್ಲಿ ಸೀರೆ ಇಟ್ಟು ಅಕ್ಕಿ ಪೆಟ್ಟಿಗೆಯ ಹಿಂದೆ ಅಡಗಿಸಿದ್ದೇನೆ. ಇವರಿಗೆ ಒಂದು ಚೀಟಿ ಬರೆದಿಡುತ್ತೇನೆ. ನೀನು ಶಿರಸಿ ಬಸ್‌ಸ್ಟ್ಯಾಂಡಿಗೆ ಬರುತ್ತೀಯಾ? ಒಬ್ಬಳೇ ಹುಲಗೋಳಕ್ಕೆ ಹೋಗಿ ಆಯಿಯ ಮುಖ ನೋಡಲಾರೆ.

ನನಗೆ ನನ್ನ ಕೈಯ ಮೇಲೇ ಹೆದರಿಕೆ ಬಂದಿದೆ ಅಕ್ಕಾ. ನಿನ್ನೆ ತುಳಸಿಗೆ ನೀರು ಹಾಕುವಾಗ ಕೈ ಹಿಂದೆ ತೆಗೆದೆ. ನಿನ್ನಲ್ಲದೆ ಇನ್ಯಾರಿಗೆ ಹೇಳಲಿ?

ಪರಿಮಳಾ

* * *

ಹೇರೂರು
1-10-1997

ಪರಿ,

ನಿನ್ನ ಪತ್ರ ಈಗ ಬಂತು. ಅಂಚೆಯ ಗೋಪಿಯನ್ನು ಅಂಗಳದಲ್ಲೇ ನಿಲ್ಲಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಶುಕ್ರವಾರದ ಒಳಗೆ ನಿನಗೆ ಮುಟ್ಟಲಿ ಎಂದು ಇರುವ ದೇವರಿಗೆಲ್ಲ ಹರಕೆ ಹೊತ್ತಿದ್ದೇನೆ.

ನೀನು ಎಲ್ಲಿಗೂ ಬರಬೇಡ. ಬಳ್ಳಿ ಸತ್ತದ್ದು ನಿನ್ನ ಕೈಯಿಂದ ಅಲ್ಲ. ನಾನು ಕಳಿಸಿದ ಬಳ್ಳಿಯಿಂದ.

ನಮ್ಮಲ್ಲಿ ಆಷಾಢದಲ್ಲೇ ಹಿತ್ತಲ ಆಚೆ ಮೂಲೆಯ ಎರಡು ಬಳ್ಳಿ ಹೀಗೇ ಬುಡ ಕಪ್ಪಾಗಿ ಹೋಗಿದ್ದವು. ನಮ್ಮ ಮಾವನ ಬಳ್ಳಿ ಎಂದರೆ ನಿನಗೆ ಗೊತ್ತಲ್ಲ, ಸಿದ್ದಾಪುರದ ಕಡೆಯಿಂದೆಲ್ಲ ಕೇಳಿಕೊಂಡು ಬರುತ್ತಾರೆ. ಹೊರಗೆ ಬಾಯಿ ಬಿಡಬೇಡ ಎಂದು ಅವರು ಮನೆಯವರಿಗೆಲ್ಲ ಹೇಳಿದ್ದರು. ನೀನು ಬಂದು, ಅಕ್ಕಾ ಬಳ್ಳಿ ಕೊಡು, ಅತ್ತೆ ಕೇಳಿದ್ದಾರೆ ಎಂದಾಗ ಇಲ್ಲ ಎನ್ನಲು ಏನು ಕಾರಣ ಹೇಳಲಿ? ಈಚೆ ತುದಿಯದ್ದು ಚೆನ್ನಾಗಿದೆ, ಏನೂ ಆಗದು ಎಂದು ನನಗೆ ನಾನೇ ಹೇಳಿಕೊಂಡು ಕೊಯ್ದೆ. ಬೇರಿಗೆ ತಂಪಿರಲಿ ಎಂದು ಅದೇ ಮಣ್ಣು ಸುತ್ತಿದೆ. ರೋಗ ಇರುವುದೇ ಮಣ್ಣಿನಲ್ಲಿ ಎಂದು ಬೀರ ಹೇಳಿದ್ದು ಆಮೇಲೆ. ಚೌತಿಯ ಹೊತ್ತಿಗೆ ನಮ್ಮದು ಒಂದೂ ಉಳಿಯಲಿಲ್ಲ. ಚೆನ್ನಾಗಿಯೇ ಇವೆ ಎಂದು ನಿನಗೆ ಬರೆದ ದಿನ ಹಿತ್ತಲಲ್ಲಿ ಬರಿ ಕಂಬ ನಿಂತಿದ್ದವು.

ನಿನ್ನ ಮೊದಲ ಪತ್ರದಲ್ಲಿ ಬಿಸಿನೀರು ಎರಚಿದ ಹಾಗೆ ಎಂದು ಬರೆದಿದ್ದೆಯಲ್ಲ, ಅಲ್ಲಿಗೇ ನನಗೆ ಗೊತ್ತಾಯಿತು. ಸೀತಮ್ಮನವರ ಮನೆಗೆ ಸೊಸೆಯ ತವರಿನ ಕಡೆಯಿಂದ ರೋಗ ಹೋಯಿತು ಎಂದಾದರೆ ನಿನ್ನ ಗತಿ ಏನು, ಮಾವನ ಮುಂದೆ ನನ್ನ ಗತಿ ಏನು ಎಂದು ಹೆದರಿದೆ. ನಿನ್ನ ಗತಿ ಎಂದು ಮೊದಲು ಬರೆದೆ, ನಿಜವಾಗಿ ಮೊದಲು ನೆನಪಾದದ್ದು ನನ್ನದೇ. ಮುಂದೆ ಓದಿದರೆ, ನಾನು ಮುಟ್ಟಿದ್ದಕ್ಕೇ ಸತ್ತಿತು ಎಂದು ನೀನು ಅಳುತ್ತಿದ್ದೆ. ಪರಿ, ಅದನ್ನು ಓದಿ ನನಗೆ ಒಂದು ಗಳಿಗೆ ಸಮಾಧಾನವಾಯಿತು. ಇವಳು ಹಾಗೇ ತಿಳಿದುಕೊಂಡಿರಲಿ ಅನಿಸಿತು. ಬಾಯಿ ಮುಚ್ಚಿಕೊಂಡಿರು ಎಂದು ನಿನಗೆ ಬುದ್ಧಿ ಹೇಳಿದ್ದು ನನ್ನನ್ನು ಉಳಿಸಿಕೊಳ್ಳಲು.

ಅತ್ತೆಗೆ ಈ ಪತ್ರ ತೋರಿಸು. ಬೈಯಿಸಿಕೊಳ್ಳುವವಳು ನಾನು. ಬಸ್ಸು ಹತ್ತಬೇಡ.

ವೇದಾ

* * *

ಕೆಳಗಿನಕೇರಿ
4-10-1997

ಅಕ್ಕಾ,

ನೀನು ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಕಾದೆಯೋ ಏನೋ. ಕಾದಿದ್ದರೆ ತಪ್ಪಾಯಿತು. ನಾನು ಬರಲಿಲ್ಲ. ನಿನ್ನಿಂದ ಪತ್ರವೂ ಇಲ್ಲ, ನಿನಗೂ ನನ್ನ ಮೇಲೆ ಬೇಸರ ಬಂತೇನೋ ಎಂದುಕೊಂಡೆ.

ನಡೆದದ್ದು ಇಷ್ಟು. ಬೆಳಿಗ್ಗೆ ಚೀಲ ಹಿಡಿದು ಹಿತ್ತಲ ಬಾಗಿಲಿಗೆ ಬಂದೆ. ಅತ್ತೆ ಅಲ್ಲೇ ಇದ್ದರು. ಮಿಂದು ಮಡಿಯುಟ್ಟು, ತೆಂಗಿನಕಾಯಿ ಹಿಡಿದು, ಸತ್ತ ಬಳ್ಳಿಗಳ ನಡುವೆ ನಿಂತಿದ್ದರು. ನಾನು ಚೀಲ ಕೆಳಗಿಟ್ಟೆ. ಹೇಗೆ ಹೇಳಿದೆನೋ ಗೊತ್ತಿಲ್ಲ, ಗೌರಿಹಬ್ಬದ ದಿನ, ಹೊರಗಾಗಿದ್ದು, ಅಡಗಿಸಿದ್ದು, ಎಲ್ಲ ಕಂಬ ಮುಟ್ಟಿದ್ದು, ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಹುಲಗೋಳದ ಬಳ್ಳಿ ನನ್ನದಲ್ಲ, ಅಕ್ಕನದು ಎಂಬುದನ್ನೂ ಸೇರಿಸಿದೆ.

ಅತ್ತೆ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು, "ಆನು ಹದಿನೆಂಟು ವರ್ಷ ಮುಟ್ಟಿದ್ದೆ ತಂಗಿ."

ನನಗೆ ಅರ್ಥವಾಗಲಿಲ್ಲ. ಮಾವ ಹೋದ ಮೇಲೆ ಮನೆಯಲ್ಲಿ ಇನ್ನೊಂದು ಕೈ ಇರಲಿಲ್ಲವಂತೆ. ತಿಂಗಳಲ್ಲಿ ಮೂರು ದಿನ ಎಲೆ ಕೊಯ್ಯದೆ ಕುಳಿತರೆ ಪೇಟೆಯ ಅಂಗಡಿಯವರು ಬೇರೆಯವರ ಎಲೆ ಹಿಡಿಯುತ್ತಾರೆ. ಒಳಗೆ ದೇವರಿಗೆ ದೂರ, ಬಾವಿಗೆ ದೂರ, ಆದರೆ ಬೆಳಕು ಹರಿಯುವ ಮೊದಲು ಹಿತ್ತಲಿಗೆ ಹೋಗಿ ಎಲೆ ಕೊಯ್ಯುವುದು. ಮುಟ್ಟು ನಿಲ್ಲುವವರೆಗೂ ಹಾಗೇ. ಯಾರಿಗೂ ಹೇಳಲಿಲ್ಲ, ಮಗನಿಗೂ ಇಲ್ಲ. ಬಳ್ಳಿ ಏನೂ ಆಗದೆ ಬೆಳೆಯಿತು, ಹಾಗಾಗಿ ದೇವಿ ಕಣ್ಣು ಮುಚ್ಚಿಕೊಂಡಿದ್ದಾಳೆ ಎಂದುಕೊಂಡಿದ್ದರಂತೆ. ಈಗ ಸೊಸೆ ಬಂದ ವರ್ಷವೇ ಎಲ್ಲ ಒಟ್ಟಿಗೆ ಸಾಯತೊಡಗಿದಾಗ, ತನ್ನ ಪಾಪ ಈ ಕೂಸಿನ ತಲೆಗೆ ಬಂತು ಎಂದು ನನ್ನ ಮುಖ ನೋಡಲಾಗದೆ ಓಡಾಡಿದರಂತೆ. ಕವಳ ಬಿಟ್ಟದ್ದು ಹರಕೆಗೆ. ನಾನೋ, ನನ್ನ ಕೈಯ ಎಲೆ ಬೇಡವಾಯಿತು ಎಂದು ಕಣ್ಣೀರು ಹಾಕುತ್ತಿದ್ದೆ.

ಇಬ್ಬರೂ ಅಲ್ಲೇ ಕುಳಿತು ಅತ್ತೆವು. ನಡುವೆ ನಗುವೂ ಬಂತು. ಕಣ್ಣೊರೆಸಿಕೊಂಡು ಗುಡಿಗೆ ಹೋದೆವು. ಭಟ್ಟರು ಹೂ ಒದ್ದೆ ಮಾಡಿ, ಏನು ಕೇಳಲಿ ಎಂದರೆ, ಅತ್ತೆ ಬೇಡ ಎಂದರು. "ಕೇಳೂದು ಎಂತ ಇದ್ದು? ಇಬ್ರೂ ಹೇಳ್ಯಾತು." ಭಟ್ಟರು ಕಕ್ಕಾಬಿಕ್ಕಿ. ಕಾಯಿ ಒಡೆಸಿಕೊಂಡು ಬಂದೆವು.

ಮನೆಗೆ ಬಂದ ಮೇಲೆ ಅತ್ತೆ ಒಂದು ಮಾತು ಕೇಳಿದರು. ಹಾಗಾದರೆ ಬಳ್ಳಿ ಸತ್ತದ್ದು ಎಂತಕ್ಕೆ? ನನಗೂ ಗೊತ್ತಿಲ್ಲ ಎಂದೆ. ನೀನೇ ಬೀರನನ್ನು ಕೇಳಿ ಬರೆ.

ಪರಿಮಳಾ

* * *

ಕೆಳಗಿನಕೇರಿ
6-10-1997

ವೇದಕ್ಕಾ,

ನಿನ್ನ ಒಂದನೇ ತಾರೀಕಿನ ಪತ್ರ ಇವತ್ತು ಬಂತು.

ಇಪ್ಪತ್ತು ದಿನ. ನಾನು ನನ್ನ ಕೈ ನೋಡಿಕೊಂಡು ಹೆದರಿದ ಇಪ್ಪತ್ತು ದಿನವೂ ನಿನಗೆ ಗೊತ್ತಿತ್ತು. ಕತ್ತಿ ತೊಳೆ, ಕಾಲು ತೊಳೆ ಎಂದು ಎಷ್ಟು ಚೆನ್ನಾಗಿ ಬರೆದೆ! ನಾನು ಇವರನ್ನು ಬಿಟ್ಟು, ಮನೆ ಬಿಟ್ಟು ಬಸ್ಸು ಹತ್ತುತ್ತೇನೆ ಎನ್ನುವವರೆಗೂ ನೀನು ಬಾಯಿ ಬಿಡಲಿಲ್ಲ. ಅಜ್ಜಿ ನಮ್ಮನ್ನು ಹೆದರಿಸುತ್ತಿದ್ದದ್ದು ತಾನೇ ಅದನ್ನು ನಂಬಿದ್ದಕ್ಕೆ. ನೀನು ನಂಬದೆಯೂ ಹೆದರಿಸಿದೆ.

ಸದ್ಯ ಬರೆಯಬೇಡ.

* * *

ಹೇರೂರು
13-10-1997

ಪರಿ,

ಬರೆಯಬೇಡ ಎಂದರೂ ಇದೊಂದನ್ನು ಬರೆಯುತ್ತೇನೆ. ನಿನ್ನ ಎರಡೂ ಪತ್ರ ಬಂದಿವೆ. ನೀನು ಬರೆದದ್ದರಲ್ಲಿ ತಪ್ಪಿಲ್ಲ.

ಆ ಶುಕ್ರವಾರ ಶಿರಸಿ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಯಲ್ಲಾಪುರದ ಒಂದೊಂದು ಬಸ್ಸಿನ ಬಾಗಿಲಲ್ಲೂ ನಿಂತು ನೋಡಿದೆ. ನೀನು ಇಳಿದರೆ ಒಂದು ಹೆದರಿಕೆ, ಇಳಿಯದಿದ್ದರೆ ಇನ್ನೊಂದು. ಏನಾದರೂ ಮಾಡಿಕೊಂಡೆಯೋ ಎಂದು ಕಂಡಕ್ಟರರನ್ನೆಲ್ಲ ನಿನ್ನ ಗುರುತು ಹೇಳಿ ಕೇಳಿದೆ. ನಾಲ್ಕನೇ ತಾರೀಕಿನ ನಿನ್ನ ಪತ್ರ ಬರುವವರೆಗೂ ದಿನಾ ಗೋಪಿಯ ದಾರಿ ಕಾಯುತ್ತ ನಿಂತೆ. ಅದನ್ನು ಅನುಕಂಪಕ್ಕೆಂದು ಹೇಳುತ್ತಿಲ್ಲ.

ಮಾವನಿಗೆ ಎಲ್ಲ ಹೇಳಿದೆ. ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ತಾವೇ ಕೊಡೆ ಹಿಡಿದು, ಈ ವರ್ಷ ಬಳ್ಳಿ ಒಯ್ದ ಮನೆಗಳಿಗೆಲ್ಲ ಹೋಗಿ, ಕಿತ್ತು ಸುಡಿ ಎಂದು ಹೇಳಿ ಬಂದರು. ನಾಲ್ಕು ಮನೆಯಲ್ಲಿ ಆಗಲೇ ಹೋಗಿತ್ತಂತೆ.

ಅತ್ತೆಗೆ ನನ್ನ ಪತ್ರ ತೋರಿಸಿದೆಯಾ? ಅದೊಂದು ತಿಳಿಸು. ಅವರು ಏನೆಂದರೂ ಸರಿ.

ವೇದಾ

* * *

ಕೆಳಗಿನಕೇರಿ
9-11-1997

ಅಕ್ಕಾ,

ದೀಪಾವಳಿಗೆ ನೀನು ಹುಲಗೋಳಕ್ಕೆ ಬರಲಿಲ್ಲವಂತೆ. ಆಯಿ ಬರೆದಿದ್ದಳು, ನಿಮ್ಮಿಬ್ಬರಿಗೆ ಎಂತಾಗಿದೆ ಎಂದು. ಏನೂ ಇಲ್ಲ ಎಂದು ಬರೆದೆ. ನೋಡು, ಮತ್ತೆ ಸುಳ್ಳು.

ನಿನ್ನ ಪತ್ರ ಅತ್ತೆಗೆ ಓದಿ ಹೇಳಿದ್ದು ಹೋದ ವಾರ. ಅಲ್ಲಿಯವರೆಗೂ ನಾನೇ ಅಡಗಿಸಿಟ್ಟಿದ್ದೆ. ನಮ್ಮ ಕಡೆಯಿಂದಲೇ ರೋಗ ಬಂತು ಎನ್ನಲು ಧೈರ್ಯ ಬರಲಿಲ್ಲ. ಮೂರು ವಾರ ಆ ಕಾಗದ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಅತ್ತೆಯ ಎದುರು ಓಡಾಡಿದಾಗ ನಿನ್ನ ಇಪ್ಪತ್ತು ದಿನ ಹೇಗಿದ್ದಿರಬಹುದು ಎಂದು ಸ್ವಲ್ಪ ಗೊತ್ತಾಯಿತು. ಸ್ವಲ್ಪವೇ. ಸಿಟ್ಟು ಇನ್ನೂ ಇದೆ.

ಒಂದಕ್ಷರ ಬಿಡದೆ ಓದಿದೆ. ಒಂದು ಗಳಿಗೆ ಸಮಾಧಾನವಾಯಿತು ಎಂಬಲ್ಲಿ ಕಾಗದ ಮಡಚಲು ಹೋದೆ. ಅತ್ತೆ ಮುಂದೆ ಓದು ಎಂದರು. ಮುಗಿದ ಮೇಲೆ ಹೇಳಿದರು, ನೆಡುವ ದಿನವೇ ಒಂದು ಬಳ್ಳಿಯ ಬುಡದಲ್ಲಿ ಕಪ್ಪು ಗೆರೆ ಕಂಡಿತ್ತಂತೆ. ಮೂವತ್ತು ವರ್ಷ ಬಳ್ಳಿ ಬೆಳೆಸಿದವರಿಗೆ ಕಾಣದೆ ಇರುತ್ತದೆಯೇ? ಸೊಸೆ ತವರಿನಿಂದ ಖುಷಿಯಲ್ಲಿ ಹೊತ್ತು ತಂದದ್ದನ್ನು ಎಸೆದರೆ ಕೂಸಿಗೆ ಬೇಜಾರಾದೀತು ಎಂದು ಮಾತಾಡದೆ ನೆಡಿಸಿದರಂತೆ. "ಅದ್ಕೆ ಹೆದ್ರಿಕೆ ಆಯ್ದು, ಪಾಪ. ಬಪ್ಪುಲೆ ಹೇಳು" ಎಂದು ನಿನ್ನನ್ನು ಬರಹೇಳಿದರು. ನನಗಿಂತ ಅವರು ಬೇಗ ಕರಗುತ್ತಾರೆ.

ಈಗ ಬಳ್ಳಿಯ ಸುದ್ದಿ. ಹದಿನೆಂಟರಲ್ಲಿ ನಾಲ್ಕು ಹಾಗೇ ಉಳಿದಿವೆ. ಇಳಿಸಿ ಹೂತ ಐದರಲ್ಲಿ ಮೂರಕ್ಕೆ ಬೇರು ಬಂದಿದೆ. ಹೊಸ ಸಾಲು ಪೂರ್ತಿ ಸುಟ್ಟೆವು. ಉಳಿದ ಬುಡಗಳನ್ನು ನೀನು ಹೇಳಿದ ಹಾಗೆ ಕೀಳದೆ ಬಿಟ್ಟಿದ್ದೆ, ದಿನಾ ಬಗ್ಗಿ ನೋಡಿ ಬೆನ್ನು ನೋವು ಬಂದದ್ದೇ ಬಂತು. ಕಳೆದ ಭಾನುವಾರ ಏಳನೇ ಕಂಬದ ಬುಡದಲ್ಲಿ, ಕತ್ತರಿಸಿದ ಜಾಗಕ್ಕಿಂತ ಕೆಳಗೆ, ಮಣ್ಣು ಒಡೆದು ಒಂದು ಚಿಗುರು ಬಂತು. ಗೇಣುದ್ದವೂ ಇಲ್ಲ, ತುದಿ ಕೆಂಪು. ಎರಡು ದಿನದಲ್ಲಿ ಅಡ್ಡ ಬೀಳುವಷ್ಟು ಬೆಳೆಯಿತು. ಕಂಬಕ್ಕೆ ಕಟ್ಟಬೇಕಿತ್ತು.

ಆ ಹೊತ್ತಿಗೇ, ಬುಧವಾರ, ನಾನು ಹೊರಗಾದೆ. ಈ ಸಲ ಬೆಳಿಗ್ಗೆಯೇ ಹೇಳಿ ಜಗುಲಿಯ ಮೂಲೆಯಲ್ಲಿ ಕುಳಿತೆ. ಅತ್ತೆ ಅಡಿಗೆ ಮಾಡಿಟ್ಟು ಬಂದು, ಬಾಳೆನಾರು ನೆನೆಸಿ ಸೀಳಿದ್ದನ್ನು ನನ್ನ ಮುಂದೆ ಇಟ್ಟರು. ಹೋಗಿ ಕಟ್ಟು ಎಂದರು. ಬೇಡ ಅತ್ತೆ, ನಾಲ್ಕು ದಿನ ಬಿಟ್ಟು ಕಟ್ಟುತ್ತೇನೆ ಎಂದೆ. ನಿಜ ಹೇಳುತ್ತೇನೆ, ರೋಗ ಮಣ್ಣಿನಿಂದ ಬಂತು ಎಂದು ನೀನು ಬರೆದದ್ದು ಬಾಯಿಪಾಠ ಆಗಿದ್ದರೂ ಹಿತ್ತಲ ಕಡೆ ನೋಡಿದರೆ ಮತ್ತೆ ಅಜ್ಜಿಯ ಮಾತೇ ನೆನಪಾಗುತ್ತದೆ. ಅತ್ತೆ ಬಾಯಿಯಲ್ಲಿ ಕವಳವಿದ್ದದ್ದರಿಂದ ಮಾತಾಡದೆ, ಹಿತ್ತಲ ಕಡೆ ಕೈ ತೋರಿಸಿ ನಿಂತೇ ಇದ್ದರು. ಗಂಗೆ ಎಲೆ ಕಟ್ಟುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಕಟ್ಟಿದೆ. ಗಂಟು ಮೂರು ಸಲ ಬಿಚ್ಚಿಹೋಯಿತು. ಚಿಗುರಿನ ತುದಿ ಬೆರಳಿಗೆ ತಾಗಿದಾಗ ಸುಟ್ಟ ಹಾಗೆ ಕೈ ಹಿಂದೆ ಎಳೆದುಕೊಂಡೆ. ಮತ್ತೆ ಹಿಡಿದೆ.

ಗುರುವಾರ ನೋಡಲು ಹೋಗಲಿಲ್ಲ, ಧೈರ್ಯವಾಗಲಿಲ್ಲ. ಶುಕ್ರವಾರ ದೂರದಿಂದ ನೋಡಿದೆ. ನಿನ್ನೆ ನಾಲ್ಕನೆಯ ದಿನ, ಮಿಂದ ಕೂದಲಲ್ಲೇ ಹೋಗಿ ಕಂಬದ ಬುಡದಲ್ಲಿ ಕುಳಿತು ನೋಡಿದೆ. ಎಲೆ ಒಂದು ಬಿಚ್ಚಿಕೊಂಡಿದೆ. ಇವತ್ತು ಇನ್ನೊಂದು ಬಿಚ್ಚುತ್ತಿದೆ. ಗಂಗೆಯೂ ಬಂದು ಬಗ್ಗಿ ನೋಡಿ, ಎಲೆ ಕಟ್ಟಲು ಹೋದಳು.

ನೀನು ಬಾ. ಬಳ್ಳಿ ನೋಡಲು ಬಂದೆ ಎಂದು ಹೇಳಿಕೊಂಡು ಬರಬೇಡ, ನನ್ನನ್ನು ನೋಡಲು ಬಾ. ಬೈಯುವುದು ಬಹಳ ಇದೆ, ಪತ್ರದಲ್ಲಿ ಹಿಡಿಸುವುದಿಲ್ಲ.

ಪರಿ